ಅಜ್ಜನ ಮಳೆ ಪುಸ್ತಕ

ಮಾನ್ಯರೇ,

ಮೂಡಿಗೆರೆ ಕಡೆ ಹಳೇ ಕಾಫಿ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುತ್ತದೆ. ನಮ್ಮಲ್ಲೂ ಅಜ್ಜ ಬರೆದದ್ದಿದೆ. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಎಂದು ಪೆನ್ಸಿಲ್‌ನಲ್ಲಿ ಗೀಚಿದ್ದು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆ ಕೆಂಪು ಗೆರೆ. ಕೆಲವು ಪುಟ ಗೆದ್ದಲಿನ ಪಾಲಾಗಿವೆ, ಅದು ಬೇರೆ ಮಾತು.

ಈಗ ಹವಾಮಾನ ತಿಳಿಯಲು ಸಮುದ್ರವನ್ನೂ ಅಳೆಯುತ್ತಾರೆ. ಸಮುದ್ರಗಳಲ್ಲಿ ಆರ್ಗೊ ಎಂಬ ಸುಮಾರು 4,000 ಅಳತೆ ಯಂತ್ರಗಳು ತೇಲುತ್ತಿವೆ. 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆದ್ದು ನೀರಿನ ಬಿಸಿ, ಉಪ್ಪಿನ ಲೆಕ್ಕವನ್ನು ಉಪಗ್ರಹಕ್ಕೆ ಕಳಿಸುತ್ತವೆ. ಪೆಸಿಫಿಕ್ ಸಾಗರ ಬಿಸಿಯೇರಿ ನಮ್ಮ ಮಳೆಯನ್ನೂ ಏರುಪೇರು ಮಾಡುವ ಎಲ್ ನಿನೊ ಸುಳಿವು ಸಿಗುವುದು ಇಂಥದ್ದರಿಂದಲೂ ಅಲ್ವಾ? ಆದರೆ ಘಟ್ಟದಲ್ಲಿ ಈ ತೋಟದ ಮಳೆ ಪಕ್ಕದ ತೋಟದಲ್ಲಿರುವುದಿಲ್ಲ. ಅದು ಗೊತ್ತಿರುವುದು ಈ ಪುಸ್ತಕಗಳಿಗೆ. ಸಂಬಂಧಪಟ್ಟವರು ಹೋಬಳಿಗೊಂದು ದಿನ ಬಂದು ಇವನ್ನು ಸ್ಕ್ಯಾನ್ ಮಾಡಿಕೊಳ್ಳಲಿ. ನಮ್ಮದನ್ನು ನಾನೇ ತಂದುಕೊಡುತ್ತೇನೆ.

– ಕಾಫಿ ಬೆಳೆಗಾರ, ಮೂಡಿಗೆರೆ