ಗೆಳೆಯನಿಗೊಂದು ಪತ್ರ: ಸ್ಪಿತಿಗೆ ಶಿಮ್ಲಾ ಕಡೆಯಿಂದ ಹೋಗು

ಪುಣೆ

ಪ್ರೀತಿಯ ಗೆಳೆಯ,

ಹಿಮಾಚಲದ ಸ್ಪಿತಿ ಕಣಿವೆ ನೋಡಲು ಎಂಟು ದಿನದ ರಜೆ, ಮನಾಲಿಯಿಂದ ಒಂದೇ ಹಗಲಿಗೆ ಅಲ್ಲಿನ ಮುಖ್ಯ ಊರು ಕಾಜಾ ಮುಟ್ಟುವುದು ಅಂತ ಲೆಕ್ಕ ಹಾಕಿದ್ದೀಯಲ್ಲ, ದಯವಿಟ್ಟು ಅದನ್ನು ಬಿಡು. ಚಂಡೀಗಢದಿಂದ ಹೊರಟು ಚಂಡೀಗಢಕ್ಕೆ ಮರಳಲು ಹದಿಮೂರು ದಿನ ಇಟ್ಟುಕೋ, ಶಿಮ್ಲಾ ಕಡೆಯಿಂದ ಏರು. ಅಷ್ಟು ರಜೆ ಸಿಗದಿದ್ದರೆ ಈ ವರ್ಷ ದಾರಿಯಲ್ಲೇ ಸಿಗುವ ಕಿನ್ನೌರ್ ಮಾತ್ರ ನೋಡು, ಸ್ಪಿತಿ ಮುಂದಿನ ವರ್ಷಕ್ಕಿರಲಿ.

ನಿನ್ನ ಡೊಂಬಿವಲಿ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಸಹ್ಯಾದ್ರಿ ಹತ್ತಿ ಕಾಲು ಗಟ್ಟಿಯಾಗಿವೆ, ಒಪ್ಪಿದೆ. ಆದರೆ ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೇ 1,646 ಮೀಟರ್. ಸ್ಪಿತಿಯ ಲಾಂಗ್ಜಾ ಹಳ್ಳಿ ಇರುವುದು ಸುಮಾರು 4,400ರಲ್ಲಿ, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಮುಂಬೈಯಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ತೆಳುಗಾಳಿಗೆ ಮೈ ಒಗ್ಗಲು ದಿನಗಳೇ ಬೇಕು. ಎಷ್ಟು ಕಸರತ್ತು ಮಾಡಿದ್ದರೂ ಆ ದಿನಗಳು ಕಡಿಮೆಯಾಗುವುದಿಲ್ಲ.

3,000 ಮೀಟರ್ ದಾಟಿದ ಮೇಲೆ ಇಂದು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗೂ ಹೆಚ್ಚು ಮೇಲಿರಬಾರದು ಎಂಬುದು ಲೆಕ್ಕ. ಹಗಲು ಎಷ್ಟು ಹತ್ತಿ ಇಳಿದರೂ ಸರಿ, ರಾತ್ರಿಯ ಎತ್ತರವೇ ಮುಖ್ಯ. ಮನಾಲಿ 2,050, ಕಾಜಾ ಸುಮಾರು 3,650. ಒಂದೇ ರಾತ್ರಿಗೆ 1,600 ಮೀಟರ್ ನೆಗೆತ, ಅದೂ 4,500 ಮೀಟರಿಗೂ ಎತ್ತರದ ಕುಂಜುಂ ಘಾಟಿ ದಾಟಿ. ಕಾಜಾದಲ್ಲಿ ಮೊದಲ ದಿನವೇ ತಲೆ ಹಿಡಿದುಕೊಂಡು ವಾಂತಿ ಮಾಡುವವರಲ್ಲಿ ಹಲವರು ಹೀಗೆ ಬಂದವರೇ.

ಶಿಮ್ಲಾ ಕಡೆಯ ದಾರಿ ತಾನಾಗಿಯೇ ಮೆಟ್ಟಿಲು ಕಟ್ಟಿಕೊಡುತ್ತದೆ. ಶಿಮ್ಲಾದಲ್ಲಿ ಒಂದು ರಾತ್ರಿ, ಭೀಮಾಕಾಳಿ ಗುಡಿಯ ಸರಾಹನ್‌ನಲ್ಲಿ ಒಂದು, 2,960 ಮೀಟರಿನ ಕಲ್ಪಾದಲ್ಲಿ ಎರಡು. ಮುಂದೆ ಎಲ್ಲರೂ ತಪ್ಪುವುದು ನಾಕೋದಲ್ಲಿ. ಕೆರೆ ಚೆಂದ ಅಂತ ಅಲ್ಲೇ ಉಳಿದುಬಿಡುತ್ತಾರೆ, ಆದರೆ ಅದು 3,660. ಅಲ್ಲಿ ಊಟ ಮುಗಿಸಿ 3,280ರ ತಾಬೋಗೆ ಇಳಿದು ಮಲಗು. ಆಮೇಲೆ ಕಾಜಾದಲ್ಲಿ ಮೂರು ರಾತ್ರಿ, ನಡುವಿನ ಒಂದು ಹಗಲು ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಸುತ್ತಿ ಮತ್ತೆ ಕಾಜಾಗೇ ಬಂದು ಮಲಗು. ಅದಾದ ಮೇಲಷ್ಟೇ ಲಾಂಗ್ಜಾದಲ್ಲಿ ಎರಡು ರಾತ್ರಿ. ಇಲ್ಲಿ 500ರ ಲೆಕ್ಕ ಮೀರುತ್ತದೆ, ಅದಕ್ಕೇ ಮೊದಲು ಮೂರು ರಾತ್ರಿ ಅಂದದ್ದು.

ತಲೆನೋವಿನ ಜೊತೆ ವಾಕರಿಕೆ ಇದ್ದರೆ ಅವತ್ತು ಮೇಲೇರಬೇಡ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನೇರಗೆರೆಯಲ್ಲಿ ನಡೆಯಲಾಗದಿದ್ದರೆ, ಮಾತು ತೊದಲಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯದೆ ಕೆಳಗಿಳಿ. ಅದಕ್ಕಾಗಿ ಲಾಂಗ್ಜಾದಲ್ಲಿ ಮಲಗುವ ರಾತ್ರಿ ಊರಲ್ಲಿ ಒಂದು ವಾಹನವೂ ಓಡಿಸುವವರೂ ಇದ್ದಾರೆಯೇ ಅಂತ ಮೊದಲೇ ಕೇಳಿಟ್ಟುಕೋ, ಆಸ್ಪತ್ರೆ ಇರುವುದು ಕಾಜಾದಲ್ಲಿ. ಕರ್ಪೂರ ಮೂಸಿದರೆ ಮೂಗು ತಣ್ಣಗಾಗುತ್ತದೆ, ಆಮ್ಲಜನಕ ಹೆಚ್ಚುವುದಿಲ್ಲ. ಕೈಯಲ್ಲಿ ಹಿಡಿಯುವ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಕ್ಕೆ ಖಾಲಿ. ಎತ್ತರಕ್ಕೆ ಮೈ ಒಗ್ಗಲು ನೆರವಾಗುವ ಡಯಾಮಾಕ್ಸ್ ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿಯೇ ತೆಗೆದುಕೋ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು.

ಹೀಗೆ ನಿಧಾನ ಹೋದರೆ ಆ ದಿನಗಳು ವ್ಯರ್ಥವಾಗುವುದಿಲ್ಲ. ತಾಬೋದ ಗೊಂಪ, ಅಂದರೆ ಬೌದ್ಧ ಮಠ, 996ರದು, ಪೂರಾ ಮಣ್ಣಿನ ಕಟ್ಟಡ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಆಮೇಲೆ ಒಂದೊಂದಾಗಿ ಗೋಡೆಯ ಚಿತ್ರಗಳು ಕಾಣತೊಡಗುತ್ತವೆ. ಫೋಟೋ ತೆಗೆಯುವ ಹಾಗಿಲ್ಲ, ಟಾರ್ಚನ್ನೂ ಚಿತ್ರದ ಮೇಲೆ ನೇರ ಬಿಡಬೇಡ. 1975ರ ಭೂಕಂಪಕ್ಕೆ ಇದು ಘಾಸಿಗೊಂಡಿತ್ತು. ಈಗ ಮಳೆಯದೇ ಹೆದರಿಕೆ. ಮಳೆ ಅಪರೂಪವೆಂಬ ನಂಬಿಕೆಯಲ್ಲೇ ಅಲ್ಲಿ ಮಾಳಿಗೆ ಕಟ್ಟಿರುವುದು, ನಮ್ಮ ಬಿಜಾಪುರ ಕಡೆಯ ಮಣ್ಣಿನ ಮಾಳಿಗೆಯ ಹಾಗೆ.

ಹಳ್ಳಿಯ ಬದುಕು ನಿಂತಿರುವುದು ನೀರಿನ ಪಾಳಿಯ ಮೇಲೆ. ಹಿಮ ಕರಗಿದ ನೀರನ್ನು ಕೂಲ್ ಎಂಬ ಕಾಲುವೆಗಳಲ್ಲಿ ಕಿಲೋಮೀಟರುಗಟ್ಟಲೆ ತಂದು ಬಾರ್ಲಿಗೂ ಬಟಾಣಿಗೂ ಹಾಯಿಸುತ್ತಾರೆ. ಹಳೆಯ ದೊಡ್ಡ ಮನೆಗಳಿಗೆ ನೀರಿನ ಹಕ್ಕು, ಉಳಿದವರು ಅವರಿಂದ ಪಡೆಯಬೇಕು. ಹಿರಿಮಗನಿಗೆ ಮನೆ, ಹೊಲ. ಅವನ ಕೈಗೆ ಮನೆ ಬಂದಾಗ ತಂದೆತಾಯಿ ಪಕ್ಕದ ಸಣ್ಣ ಮನೆಗೆ ಸರಿಯುವುದು, ಕಿರಿಯರು ಗೊಂಪ ಸೇರುವುದು ಹಳೆಯ ಪದ್ಧತಿ. ವರ್ಷಕ್ಕೆ ಒಂದೇ ಬೆಳೆ ಬರುವಲ್ಲಿ ಹೊಲ ತುಂಡಾದರೆ ಯಾರಿಗೂ ಹೊಟ್ಟೆ ತುಂಬದು. ಕಾಲುವೆಯನ್ನು ತುಳಿದು ದಾಟಬೇಡ, ಒಂದು ಕಲ್ಲು ಜಾರಿದರೆ ಯಾರದೋ ಪಾಳಿ ತಪ್ಪುತ್ತದೆ.

ಹೋಂಸ್ಟೇಯಲ್ಲಿ ಒಲೆಯ ಹತ್ತಿರದ ಜಾಗ ಹಿರಿಯರದು, ತೋರಿಸಿದಲ್ಲಿ ಕೂರು. ಒಲೆಗೆ ಕಸ ಹಾಕಬೇಡ, ಅದರಲ್ಲಿ ಅವರ ದೇವರಿದೆ. ಬೆಣ್ಣೆ ಚಹಾದ ಬಟ್ಟಲು ತಗ್ಗಿದ ಹಾಗೆಲ್ಲ ತುಂಬುತ್ತಾರೆ. ಸಾಕಾದರೆ ತುಂಬಿದ್ದನ್ನು ಹಾಗೇ ಬಿಟ್ಟು, ಏಳುವಾಗ ಕುಡಿ. ಚಂಪಾ ಅಂದರೆ ಬಾರ್ಲಿ ಹುರಿಹಿಟ್ಟು, ನಿನಗೆ ಹೊಸದೇನಲ್ಲ. ಅನ್ನ, ಬೇಳೆಗೆ ಹಟ ಮಾಡಬೇಡ: ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರಿಲ್ಲದೆ ಬೇಳೆ ಬೇಯದು, ಅಕ್ಕಿ ಬರುವುದೂ ಲಾರಿಯಲ್ಲಿ. ತೆಳು ಅವಲಕ್ಕಿ, ಶೇಂಗಾ ಚಟ್ನಿಪುಡಿ ಒಯ್ಯಿ, ಬಿಸಿನೀರು ಸಾಕು.

ಪಾಯಖಾನೆಯ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ. ಮೇಲಿನ ಕೋಣೆಯ ನೆಲದಲ್ಲಿ ಕಂಡಿ, ಕೆಳಗೆ ಗೊಬ್ಬರದ ಕೋಣೆ. ಮುಗಿದ ಮೇಲೆ ಒಂದು ಸಲಿಕೆ ಮಣ್ಣೋ ಬೂದಿಯೋ ಹಾಕು. ನೀರು ಸುರಿದರೆ ಗೊಬ್ಬರ ಕೊಳೆತು ನಾರುತ್ತದೆ, ಚಳಿಗೆ ಗಡ್ಡೆಕಟ್ಟುತ್ತದೆ. ಪ್ಲಾಸ್ಟಿಕ್ ಬಿದ್ದರೆ ನೇರ ಹೊಲಕ್ಕೆ ಹೋಗುತ್ತದೆ. ತೊಳೆದುಕೊಳ್ಳಲು ಜಾಗ ಎಲ್ಲಿ ಅಂತ ಮನೆಯವರನ್ನೇ ಕೇಳು, ಅದರಲ್ಲಿ ಸಂಕೋಚವಿಲ್ಲ.

ಲಾಂಗ್ಜಾದಲ್ಲಿ ಮಕ್ಕಳು ಸುರುಳಿ ಗೆರೆಯ ಕಲ್ಲು ಮಾರಲು ಬರಬಹುದು. ನಿಮ್ಮ ದೇವರಮನೆಯ ಸಾಲಿಗ್ರಾಮದಂಥದ್ದೇ ಅದು, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ಜೀವಿಯ ಪಳೆಯುಳಿಕೆ. ಎಷ್ಟೇ ಆಸೆಯಾದರೂ ಕೊಳ್ಳಬೇಡ. ಕೊಳ್ಳುವವರಿರುವವರೆಗೆ ಆ ಗುಡ್ಡ ಬರಿದಾಗುತ್ತಲೇ ಇರುತ್ತದೆ.

ಸೆಪ್ಟೆಂಬರ್ ಎರಡನೇ ಅರ್ಧದಲ್ಲಿ ಹೋಗು. ಸ್ಪಿತಿ ಮಳೆನೆರಳಿನಲ್ಲಿದ್ದರೂ ಅಲ್ಲಿಗೆ ಹೋಗುವ ಕಿನ್ನೌರ್ ರಸ್ತೆ ಹಾಗಿಲ್ಲ. 2021ರ ಆಗಸ್ಟಿನಲ್ಲಿ ನಿಗುಲ್ಸರಿಯಲ್ಲಿ ಗುಡ್ಡ ಕುಸಿದು ಬಸ್ಸೇ ಮುಚ್ಚಿಹೋಗಿತ್ತು. ನಗದು ಶಿಮ್ಲಾದಲ್ಲೇ ತೆಗೆದಿಟ್ಟುಕೋ, ಕಾಜಾದ ಎಟಿಎಂ ನಂಬಬೇಡ.

ಮರಳುವಾಗ ಮನಾಲಿ ಕಡೆ ಇಳಿಯಬಹುದು, ಅಷ್ಟರಲ್ಲಿ ಮೈ ಒಗ್ಗಿರುತ್ತದೆ. ಹನ್ನೊಂದನೇ ರಾತ್ರಿ ಕುಂಜುಂಗೆ ಈಚೆಯ ಲೋಸರ್ ಹಳ್ಳಿಯಲ್ಲಿ ಉಳಿದು ನಸುಕಿಗೇ ಹೊರಡು. ಕುಂಜುಂ ಆಚೆ ರಸ್ತೆಗೆ ಅಡ್ಡ ಹರಿಯುವ ತೊರೆಗಳು ಬೆಳಿಗ್ಗೆ ಪಾದ ಮುಳುಗುವಷ್ಟಿದ್ದರೂ, ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಹೊತ್ತಿಗೆ ಕಾರನ್ನು ತಡೆಯುವಷ್ಟಾಗುತ್ತವೆ. ಟಿಕೆಟ್ ಮಾಡಿಸುವ ಮೊದಲು ತಾರೀಕು ತಿಳಿಸು, ಯಾವ ರಾತ್ರಿ ಎಲ್ಲಿ ಅಂತ ಕೂತು ಬರೆದುಕೊಡುತ್ತೇನೆ.

ನಿನ್ನ ಗೆಳೆಯ