ಗೆಳೆಯನಿಗೊಂದು ಪತ್ರ: ಗುರುವಾರ ಮಧ್ಯಾಹ್ನ ಮೂರರೊಳಗೆ

ಸಿಯಾಟಲ್
ಭಾನುವಾರ ರಾತ್ರಿ, ಜುಲೈ 27, 2025

ಪ್ರೀತಿಯ ಗೆಳೆಯಾ,

"ಅರ್ಧ ಸೀಸನ್ ಮುಗಿದ ಮೇಲೆ ಆಟಗಾರರನ್ನು ಅದಲು ಬದಲು ಮಾಡಿಕೊಳ್ಳೋದಾ? ಅದೂ ಅವರನ್ನೇ ಕೇಳದೆ? ಇದೆಂಥ ಆಟ ಮಾರಾಯ! ನಾಚಿಕೆ ಆಗಲ್ವಾ?" ಅಂತ ಮೊನ್ನೆ ಫೋನಿನಲ್ಲಿ ಬೇಸ್‌ಬಾಲ್‌ಗೆ ಬೈದೆಯಲ್ಲ, ಅದಕ್ಕೆ ಉತ್ತರ ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಈ ವಾರ ಇಲ್ಲಿ ನಮಗೆ ಬೇರೆ ಮಾತೇ ಇಲ್ಲ.

ಐಪಿಎಲ್‌ನಲ್ಲಿ ಸೀಸನ್ ನಡುವೆ ಯಾರಿಗಾದರೂ ಗಾಯವಾದರೆ ಬದಲಿ ಆಟಗಾರ ಬರುತ್ತಾನೆ, ಅಷ್ಟೇ ಅಲ್ವಾ? ಪಡಿಕ್ಕಲ್‌ಗೆ ಗಾಯವಾಗಿ ಮಯಾಂಕ್ ಬಂದ ಹಾಗೆ. ಲಖನೌ ಮೇಲೆ ಜಿತೇಶ್ ಹೊಡೆದ 85 ಎಲ್ಲರಿಗೂ ನೆನಪಿದೆ, ಇನ್ನೊಂದು ತುದಿಯಲ್ಲಿ ನಿಂತು ಮಯಾಂಕ್ ಮಾಡಿದ 41 ಯಾರಿಗೂ ನೆನಪಿಲ್ಲ. ಬೇಸ್‌ಬಾಲ್‌ನಲ್ಲಿ ಗಾಯ ಆಗಲೇಬೇಕು ಅಂತ ಇಲ್ಲ. ಲೀಗಿನಲ್ಲಿ 30 ತಂಡ, ಒಬ್ಬೊಬ್ಬರಿಗೂ 162 ಮ್ಯಾಚ್. ಜುಲೈ ಹೊತ್ತಿಗೆ ಯಾರಿಗೆ ಆಸೆ ಉಳಿದಿದೆ, ಯಾರಿಗೆ ಇಲ್ಲ ಅನ್ನೋದು ಗೊತ್ತಾಗಿಬಿಡುತ್ತದೆ. ಆಸೆ ಬಿಟ್ಟ ತಂಡ ತನ್ನ ಒಳ್ಳೆಯ ಆಟಗಾರರನ್ನು ಕೊಡುತ್ತದೆ. ಆಸೆ ಇರುವ ತಂಡ ಅದಕ್ಕೆ ಬದಲಾಗಿ ಕೆಳಗಿನ ಲೀಗುಗಳಲ್ಲಿ ಬೆಳೆಯುತ್ತಿರುವ ಹುಡುಗರನ್ನು ಕೊಡುತ್ತದೆ. ದುಡ್ಡಿಗಿಂತ ಜಾಸ್ತಿ ಇಲ್ಲಿ ಓಡುವುದು ಈ ಹುಡುಗರೇ. ಕಾಂಟ್ರಾಕ್ಟಿನಲ್ಲೇ ಬರೆಸಿಕೊಂಡವನು "ನಾನು ಹೋಗಲ್ಲ" ಅನ್ನಬಹುದು. ಇಲ್ಲವೇ ದೊಡ್ಡ ಲೀಗಿನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಇದ್ದವನು. ಉಳಿದವರು ಚೀಲ ಕಟ್ಟಬೇಕು, ಅಷ್ಟೇ.

ಇದಕ್ಕೆಲ್ಲ ಗಡುವು ಈ ಗುರುವಾರ, 31ನೇ ತಾರೀಕು, ನಮ್ಮ ಸಮಯ ಮಧ್ಯಾಹ್ನ 3 ಗಂಟೆ.

ನಮ್ಮ ಸಿಯಾಟಲ್ ತಂಡ ಮ್ಯಾರಿನರ್ಸ್ ಕಥೆ ನಿನಗೆ ಗೊತ್ತಿರುವುದೇ. ಶುರುವಾಗಿದ್ದು 1977ರಲ್ಲಿ. ಇವತ್ತಿನವರೆಗೆ ಒಂದು ಸಲವೂ ವರ್ಲ್ಡ್ ಸೀರೀಸ್, ಅಂದರೆ ಫೈನಲ್, ಆಡಿಲ್ಲ. 30 ತಂಡಗಳಲ್ಲಿ ಆ ಕೀರ್ತಿ ಇವರೊಬ್ಬರದೇ. 2001ರಲ್ಲಿ 116 ಮ್ಯಾಚ್ ಗೆದ್ದು ದಾಖಲೆ ಸರಿಗಟ್ಟಿದರು, ಆಮೇಲೆ ಯಾಂಕೀಸ್ ಎದುರು ಸೋತು ಮನೆಗೆ ಬಂದರು. ಅಲ್ಲಿಂದ ಮತ್ತೆ ಪ್ಲೇಆಫ್ ನೋಡಿದ್ದು 2022ರಲ್ಲಿ. "ಈ ಸಲ ಕಪ್ ನಮ್ದೇ" ಅಂತ 18 ಸೀಸನ್ ಹೇಳಿಕೊಂಡು ಬಂದವರು ನಾವು, ನನಗೆ ಈ ತಂಡ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿದೆ ಹೇಳು. ಜೂನ್ 3ರ ಖುಷಿಯ ಬಗ್ಗೆ ಉದ್ದಕ್ಕೆ ಬರೆಯಬೇಕು ಅಂತ ಇತ್ತು. ಮರುದಿನ ಚಿನ್ನಸ್ವಾಮಿ ಹೊರಗೆ ಆಗಿದ್ದನ್ನು ನೆನೆದರೆ ಕೈ ಓಡುವುದಿಲ್ಲ. ಬಿಡು.

ಈ ವರ್ಷ ತಂಡ ಚೆನ್ನಾಗಿದೆ. ನಮ್ಮ ಗುಂಪಿನಲ್ಲಿ (ಇಲ್ಲಿ ಡಿವಿಷನ್ ಅನ್ನುತ್ತಾರೆ) ಹ್ಯೂಸ್ಟನ್ ಮುಂದಿದೆ, ನಾವು ಬೆನ್ನಿಗೇ ಇದ್ದೇವೆ. ಕ್ಯಾಲ್ ರ‍್ಯಾಲಿ ಅನ್ನುವ ಕ್ಯಾಚರ್ ಅರ್ಧ ಸೀಸನ್ನಿಗೇ 38 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದ. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಥರ, ಇಡೀ ಆಟ ಕುಕ್ಕರುಗಾಲಲ್ಲಿ ಕೂತು ಎದ್ದು ಮಂಡಿ ಸವೆಸಿಕೊಳ್ಳುವವನು, ಅವನು ಹೀಗೆ ಹೊಡೆಯುವುದು ಇಲ್ಲಿ ಯಾರೂ ಕಂಡದ್ದಲ್ಲ. ಅಟ್ಲಾಂಟಾದ ಹೋಮ್ ರನ್ ಡರ್ಬಿಯಲ್ಲಿ (ಯಾರು ಜಾಸ್ತಿ ಹೋಮ್ ರನ್ ಹೊಡೆಯುತ್ತಾರೆ ಅನ್ನುವ ಸ್ಪರ್ಧೆ) ಅವನಿಗೆ ಚೆಂಡು ಎಸೆದದ್ದು ಅಪ್ಪ, ಹಿಂದೆ ಕೂತು ಹಿಡಿದದ್ದು 15 ವರ್ಷದ ತಮ್ಮ. ಗೆದ್ದೇಬಿಟ್ಟ. ಯೂಟ್ಯೂಬಿನಲ್ಲಿ ನೋಡು, ಅಪ್ಪನ ಮುಖ ನೋಡಲಿಕ್ಕಾದರೂ.

ಕೊರತೆ ಎಲ್ಲಿ ಅಂದರೆ ಬ್ಯಾಟಿಂಗಿನಲ್ಲಿ. ಅದು ಹಳೆಯ ರೋಗ. ಸಮುದ್ರದ ಕಡೆಯಿಂದ ಬರುವ ತಣ್ಣನೆ ಗಾಳಿಗೆ ಈ ಮೈದಾನದಲ್ಲಿ ಚೆಂಡು ಹಾರುವುದೇ ಇಲ್ಲ ಅಂತ ಬ್ಯಾಟ್ ಹಿಡಿದವರೆಲ್ಲ ಗೊಣಗುತ್ತಾರೆ. ಏಪ್ರಿಲ್ ತಿಂಗಳಲ್ಲಿ ಬಂದು ಕೂತರೆ ನಿನಗೂ ಗೊತ್ತಾಗುತ್ತದೆ, ಸ್ವೆಟರ್ ಮೇಲೆ ಸ್ವೆಟರ್ ಬೇಕು. ಹಾಗಾಗಿ ಕಾಂಟ್ರಾಕ್ಟ್ ಮುಗಿದು ಕೈ ಖಾಲಿ ಇರುವ ಒಳ್ಳೆಯ ಬ್ಯಾಟರ್ ಯಾರೂ ತಾನಾಗಿ ಇಲ್ಲಿಗೆ ಬರಲು ಒಪ್ಪುವುದಿಲ್ಲ. ಪಿಚರ್‌ಗಳು (ಚೆಂಡು ಎಸೆಯುವವರು) ಖುಷಿಯಿಂದ ಬರುತ್ತಾರೆ, ಬ್ಯಾಟರ್‌ಗಳನ್ನು ಟ್ರೇಡ್, ಅಂದರೆ ಅದಲು ಬದಲು, ಮಾಡಿಯೇ ತರಬೇಕು. ಅದಕ್ಕೇ ಜುಲೈ ಬಂತೆಂದರೆ ಊರಿಗೆ ಊರೇ ಟ್ರೇಡ್ ನಿರ್ಧರಿಸುವ ಜನರಲ್ ಮ್ಯಾನೇಜರ್ ಆಗುವುದು.

ಮೂರು ದಿನದ ಹಿಂದೆ ಒಂದು ಟ್ರೇಡ್ ಆಯಿತು. ಅರಿಜೋನಾದಿಂದ ಜಾಶ್ ನೇಯ್ಲರ್ ಬಂದ. ಫಸ್ಟ್ ಬೇಸ್ ಹತ್ತಿರ ಫೀಲ್ಡಿಂಗ್ ಮಾಡುವ ಕೆನಡಾದ ಹುಡುಗ, ಗುಂಡಗೆ ಗಟ್ಟಿಯಾಗಿದ್ದಾನೆ, ಸುಲಭಕ್ಕೆ ಔಟಾಗುವವನಲ್ಲ. ಬದಲಿಗೆ ನಾವು ಕೊಟ್ಟದ್ದು ಇಬ್ಬರು ಪಿಚರ್‌ಗಳನ್ನು. ಅದರಲ್ಲಿ ಬ್ರಾಂಡಿನ್ ಗಾರ್ಸಿಯಾ ದೊಡ್ಡ ಲೀಗಿಗೆ ಕಾಲಿಟ್ಟದ್ದೇ ಈ ತಿಂಗಳು. ಹೊಸ ಜೆರ್ಸಿ ಇನ್ನೂ ಒಗೆದಿರಲಿಲ್ಲವೇನೋ, ಅಷ್ಟರಲ್ಲಿ ಬೇರೆ ಜೆರ್ಸಿ.

ಈಗ ಜಗಳ ಇರುವುದು ಥರ್ಡ್ ಬೇಸ್ ಮೇಲೆ. ಅಲ್ಲಿ ಆಡುತ್ತಿರುವ ಬೆನ್ ವಿಲಿಯಮ್ಸನ್ ಹೊಸಬ. ಚೆಂಡು ಹಿಡಿಯುವುದರಲ್ಲಿ ಕಣ್ಣಿಗೆ ಹಬ್ಬ, ಹೋಮ್ ರನ್ ಮಾತ್ರ ಅಪರೂಪ. ಅರಿಜೋನಾದಲ್ಲೇ ಇನ್ನೊಬ್ಬ ಇದ್ದಾನೆ, ಯುಜೀನಿಯೋ ಸ್ವಾರೆಸ್. ವಯಸ್ಸು 34. ಏಪ್ರಿಲ್‌ನಲ್ಲಿ ಒಂದೇ ಮ್ಯಾಚಿನಲ್ಲಿ ನಾಲ್ಕು ಹೋಮ್ ರನ್ ಹೊಡೆದವನು. ಈ ಸೀಸನ್ ಮುಗಿದರೆ ಅವನ ಕಾಂಟ್ರಾಕ್ಟೂ ಮುಗಿಯುತ್ತದೆ. ಅಂದರೆ ತಂದರೆ ಎರಡು ಮೂರು ತಿಂಗಳಿಗೆ ಬಾಡಿಗೆಗೆ ತಂದ ಹಾಗೆ.

ತಮಾಷೆ ಏನು ಗೊತ್ತಾ? ಇವನು ನಮ್ಮವನೇ. 2022 ಮತ್ತು 2023ರಲ್ಲಿ ಇಲ್ಲೇ ಆಡಿದ. ಯಾವಾಗ ನೋಡಿದರೂ ನಗುಮುಖ, ಮಕ್ಕಳಿಗೆಲ್ಲ ಅಚ್ಚುಮೆಚ್ಚು. 2023ರಲ್ಲಿ 200ಕ್ಕೂ ಹೆಚ್ಚು ಸಲ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್ ಆಗಿ ಔಟ್) ಆದ. ಆ ನವೆಂಬರ್‌ನಲ್ಲಿ ಅವನನ್ನು ಅರಿಜೋನಾಕ್ಕೆ ಕಳಿಸಿಬಿಟ್ಟರು. ಬದಲಿಗೆ ಬಂದದ್ದು ಒಬ್ಬ ಕ್ಯಾಚರ್ ಮತ್ತು ಕಾರ್ಲೋಸ್ ವರ್ಗಾಸ್ ಎಂಬ ಪಿಚರ್. ಸಂಬಳದ ಖರ್ಚು ಉಳಿಸಲು ಮಾಡಿದ್ದು ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಈಗ ಅದೇ ಮನುಷ್ಯನನ್ನು ಹುಡುಗರನ್ನು ಕೊಟ್ಟು ವಾಪಸ್ ತರಬೇಕಾ ಅಂತ ಚರ್ಚೆ.

ನಮ್ಮ ಆಫೀಸಿನ ಊಟದ ಟೇಬಲಿನಲ್ಲಿ ಎರಡು ಪಕ್ಷ. ಒಂದು ಪಕ್ಷಕ್ಕೆ ನಾಯಕ ನಮ್ಮ ಟೀಮಿನ ಹಿರಿಯರೊಬ್ಬರು. ಹಳೆಯ ಕಿಂಗ್‌ಡೋಮ್ ಮೈದಾನ ಇದ್ದಾಗ ಅಪ್ಪನ ಕೈ ಹಿಡಿದು ಮ್ಯಾಚಿಗೆ ಹೋದವರು. "ಯಾರನ್ನಾದರೂ ಕೊಡಿ, ಸ್ವಾರೆಸ್‌ನ ತನ್ನಿ. ನಿಮ್ಮ 20 ವರ್ಷದ ಹುಡುಗ ದೊಡ್ಡವನಾಗುವ ತನಕ ಕಾಯಲು ನನಗೆ ಪುರುಸೊತ್ತಿಲ್ಲ" ಎನ್ನುತ್ತಾರೆ. ಇನ್ನೊಂದು ಕಡೆ ಈಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗಿ. ಕೆಳಗಿನ ಲೀಗಿನ ಒಬ್ಬೊಬ್ಬನ ಅಂಕಿಅಂಶವೂ ಅವಳ ಬಾಯಲ್ಲಿದೆ. ಹಿರಿಯರು ಬಾಯಿ ತೆರೆದರೆ ಸಾಕು, "1997" ಅಂತ ಒಂದೇ ಮಾತು ಹೇಳಿ ಸಾಂಡ್‌ವಿಚ್ ಕಚ್ಚುತ್ತಾಳೆ. ಆ ವರ್ಷ ಅವಳು ಹುಟ್ಟಿಯೇ ಇರಲಿಲ್ಲ!

1997ರ ಕಥೆ ಹೇಳಲೇಬೇಕು. ಆ ವರ್ಷ ನಮ್ಮಲ್ಲಿ ಕೆನ್ ಗ್ರಿಫಿ ಜೂನಿಯರ್ ಇದ್ದ, 56 ಹೋಮ್ ರನ್. ರ‍್ಯಾಂಡಿ ಜಾನ್ಸನ್, ಎಡ್ಗರ್ ಮಾರ್ಟಿನೆಜ್, ಅಲೆಕ್ಸ್ ರೊಡ್ರಿಗಸ್ ಎಲ್ಲ ಇದ್ದರು. ಬುಲ್‌ಪೆನ್ ಮಾತ್ರ ತೂತು, ಅಂದರೆ ಕೊನೆಗೆ ಬಂದು ಆಟ ಮುಗಿಸುವ ಪಿಚರ್‌ಗಳು ಗೆದ್ದ ಮ್ಯಾಚನ್ನು ಒಂದೊಂದಾಗಿ ಕೈಬಿಡುತ್ತಿದ್ದರು. ಜುಲೈ 31ರಂದು, ಗಡುವಿನ ದಿನ, ಗಾಬರಿಗೆ ಬಿದ್ದು ಬಾಸ್ಟನ್‌ನಿಂದ ಹೀತ್‌ಕ್ಲಿಫ್ ಸ್ಲೋಕಂಬ್ ಎಂಬ ಪಿಚರ್‌ನನ್ನು ತಂದರು. ಆ ವರ್ಷ ಬಾಸ್ಟನ್‌ನಲ್ಲೇ ಅವನು ಹೊಡೆಸಿಕೊಳ್ಳುತ್ತಿದ್ದ. ಅವನಿಗಾಗಿ ಕೊಟ್ಟದ್ದು ಡೆರೆಕ್ ಲೋ ಮತ್ತು ಜೇಸನ್ ವಾರಿಟೆಕ್ ಅನ್ನುವ ಇಬ್ಬರು ಎಳೆಯರನ್ನು. ನಾವು ಡಿವಿಷನ್ ಗೆದ್ದೆವು ನಿಜ, ಬಾಲ್ಟಿಮೋರ್ ಎದುರು ಮೊದಲ ಸುತ್ತಲ್ಲೇ ಸೋತೆವು. 2004ರಲ್ಲಿ ಬಾಸ್ಟನ್ 86 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತಲ್ಲ, ಆಗ ಕ್ಯಾಚರ್ ವಾರಿಟೆಕ್. ಮೂರೂ ಸುತ್ತಿನ ಕೊನೆಯ ಗೆಲುವು ಪಿಚರ್ ಲೋ ಹೆಸರಿನಲ್ಲಿ. ಇಲ್ಲಿನವರು ಟೀವಿ ಮುಂದೆ ಕೂತು ಹೊಟ್ಟೆ ಉರಿಸಿಕೊಂಡರು.

ಆದರೆ 1997ನ್ನು ಸುಮ್ನೆ ಗುರಾಣಿ ಮಾಡಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಅವತ್ತಿನ ತಪ್ಪು ಹುಡುಗರನ್ನು ಕೊಟ್ಟದ್ದಲ್ಲ, ಹೊಡೆಸಿಕೊಳ್ಳುತ್ತಿದ್ದವನಿಗಾಗಿ ಕೊಟ್ಟದ್ದು. 2022ರ ಜುಲೈನಲ್ಲಿ ಸಿನ್ಸಿನಾಟಿಯಿಂದ ಲೂಯಿಸ್ ಕಸ್ತೀಯೋನನ್ನು ತರಲು ನಾಲ್ವರನ್ನು ಕೊಟ್ಟೆವು. ಅದರಲ್ಲಿ ನೊಯೆಲ್ವಿ ಮಾರ್ಟೆ ನಮ್ಮ ಹುಡುಗರಲ್ಲೇ ಮೊದಲ ಸಾಲಿನವನು. ಆವತ್ತೂ "1997" ಅಂದವರಿದ್ದರು. ಕಸ್ತೀಯೋ ಬಂದ, ಆ ಅಕ್ಟೋಬರ್‌ನಲ್ಲಿ ಟೊರಾಂಟೋಗೆ ಹೋಗಿ ಏಳು ಇನಿಂಗ್ಸ್ ದಾಟಿ ಒಂದು ರನ್ನೂ ಬಿಟ್ಟುಕೊಡದೆ ಮೊದಲ ಮ್ಯಾಚ್ ಗೆಲ್ಲಿಸಿದ. ಇವತ್ತಿಗೂ ನಮ್ಮಲ್ಲೇ ಇದ್ದಾನೆ. ಅಂಥವನಿಗಾಗಿ ಕೊಡಬೇಕು.

ಹಾಗಾದರೆ ಈಗ ಯಾರನ್ನು ಕೊಡಬಾರದು? ನನ್ನ ಉತ್ತರ ಎವರೆಟ್‌ನಲ್ಲಿದೆ. ನಮ್ಮ ಮನೆಯಿಂದ ಉತ್ತರಕ್ಕೆ ಕಾರಿನಲ್ಲಿ ಹೋದರೆ ಸಿಗುವ ಊರು. ಅಲ್ಲಿನ ಆಕ್ವಾಸಾಕ್ಸ್ ಮ್ಯಾರಿನರ್ಸ್‌ನ ಕೆಳಗಿನ ತಂಡ. ಕಪ್ಪೆ ಚಿತ್ರದ ಟೋಪಿ, ಸಣ್ಣ ಮೈದಾನ, ಪಿಚರ್ ಉಸಿರು ಬಿಡುವುದೂ ಕೇಳುವಷ್ಟು ಹತ್ತಿರ ಕೂರಬಹುದು. ಕೋಲ್ಟ್ ಎಮರ್ಸನ್ ಅಂತ ಒಬ್ಬ ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್), ಕಳೆದ ವಾರ 20 ತುಂಬಿತು. ಎಲ್ಲ ತಂಡಗಳೂ ಮೊದಲು ಕೇಳುವುದು ಅವನನ್ನೇ. ನನಗೆ ಅವನಿಗಿಂತ ಇಷ್ಟವಾದವನು ಜರಾಂಜೆಲೋ ಸೈಂಜಾ. ಮೂಲ ಕುರಾಸಾವ್ ದ್ವೀಪ. ಎರಡೂ ಕೈಯಲ್ಲಿ ಪಿಚ್ ಮಾಡುತ್ತಾನೆ ಮಾರಾಯ! ಎಡಗೈ ಬ್ಯಾಟರ್ ಬಂದರೆ ಎಡಗೈ, ಬಲಗೈಯವನು ಬಂದರೆ ಬಲಗೈ. ಎರಡೂ ಕೈಗೆ ಹೊಂದುವ ಗ್ಲೌಸ್ ಅವನದು, ಎರಡು ಹೆಬ್ಬೆರಳಿನ ಜಾಗ ಇರುತ್ತದೆ. ಬ್ಯಾಟರ್ ಬಾಕ್ಸಿಗೆ ಬರುವ ಮುಂಚೆ ಇವನು ಮೌಂಡಿನ ಮೇಲೆ ನಿಂತು ಗ್ಲೌಸ್ ಕಳಚಿ, ಇನ್ನೊಂದು ಕೈಗೆ ತೂರಿಸಿ, ಯಾವ ಕೈಯಲ್ಲಿ ಎಸೆಯುತ್ತೇನೆ ಅಂತ ತೋರಿಸಬೇಕು. ಆಮೇಲೆ ಆ ಬ್ಯಾಟರ್‌ಗೆ ಕೈ ಬದಲಿಸುವ ಹಾಗಿಲ್ಲ. ಸನ್‌ರೈಸರ್ಸ್‌ನ ಕಮಿಂದು ಮೆಂಡಿಸ್ ಎರಡೂ ಕೈಯಲ್ಲಿ ಬೌಲ್ ಮಾಡಿದಾಗ ನೀನು ಕುಣಿದಾಡಿದ್ದೆ. ಅವನು ಹಾಕಿದ್ದು ಸ್ಪಿನ್. ಇವನು ಎಸೆಯುವುದು ವೇಗದ ಚೆಂಡು.

ಬಾಡಿಗೆ ಆಟಗಾರನಿಗಾಗಿ ಈ ಇಬ್ಬರನ್ನು ಕೊಡಬಾರದು. ಬೇರೆ ಮೂವರನ್ನು ಬೇಕಾದರೆ ಕೊಡಲಿ. ಅರಿಜೋನಾಕ್ಕೂ ಬೇರೆ ದಾರಿ ಇಲ್ಲ. ಸೀಸನ್ ಮುಗಿದರೆ ಸ್ವಾರೆಸ್ ಹೇಗೂ ಹೊರಟುಹೋಗುತ್ತಾನೆ, ಇಟ್ಟುಕೊಂಡು ಏನು ಮಾಡುತ್ತಾರೆ? ಗುರುವಾರ ಹತ್ತಿರ ಬಂದಷ್ಟೂ ಬೆಲೆ ಇಳಿಯುತ್ತದೆ ಅನ್ನೋದು ನನ್ನ ಲೆಕ್ಕ. "ಬೇರೆ ತಂಡದವರು ಎತ್ತಿಕೊಂಡು ಹೋದರೆ?" ಅಂತ ಹಿರಿಯರು ಕೇಳುತ್ತಾರೆ. ಅದೂ ಸರಿಯೇ. ಇನ್ನೊಂದು, ಯಾರೂ ಜಾಸ್ತಿ ಮಾತಾಡದ ಕೊರತೆ: ಬುಲ್‌ಪೆನ್‌ನಲ್ಲಿ ನಂಬಿಕೆಯ ಎಡಗೈ ಪಿಚರ್ ಅಂದರೆ ಗೇಬ್ ಸ್ಪಿಯರ್ ಒಬ್ಬನೇ. ಇನ್ನೊಬ್ಬ ಬೇಕೇ ಬೇಕು. ಹೋಮ್ ರನ್ ಹೊಡೆಯುವವನ ಹೆಸರಿಗೆ ಸಿಗುವ ಚಪ್ಪಾಳೆ ಇಂಥವರ ಹೆಸರಿಗೆ ಸಿಗುವುದಿಲ್ಲ, ಅಷ್ಟೇ.

ನೀನು ಕೇಳಿದೆಯಲ್ಲ, ಆಟಗಾರನ ಕಥೆ ಏನು ಅಂತ. 2021ರ ಜುಲೈ 26ರಂದು ಇಲ್ಲೇ ಹ್ಯೂಸ್ಟನ್ ಎದುರು 7-0ಯಿಂದ ಹಿಂದೆ ಬಿದ್ದವರು 11-8ಕ್ಕೆ ಗೆದ್ದರು. ಊರೆಲ್ಲ ಹುಚ್ಚೆದ್ದು ಕುಣಿಯಿತು. ಮರುದಿನ ಮಧ್ಯಾಹ್ನ ತಂಡದ ಅಚ್ಚುಮೆಚ್ಚಿನ ಪಿಚರ್ ಕೆಂಡಲ್ ಗ್ರೇವ್‌ಮನ್‌ನನ್ನು ಅದೇ ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟರು! ಅವನು ಬ್ಯಾಗ್ ಹೊತ್ತು ಅದೇ ಕಟ್ಟಡದ ಇನ್ನೊಂದು ಕೋಣೆಗೆ ನಡೆದುಹೋದ. ಬದಲಿಗೆ ಬಂದ ಅಬ್ರಹಾಂ ಟೋರೋ ಹಿಂದಿನ ರಾತ್ರಿ ನಮ್ಮ ಮೇಲೆ ಹೋಮ್ ರನ್ ಹೊಡೆದಿದ್ದ, ಆ ರಾತ್ರಿ ನಮಗಾಗಿ ಹೊಡೆದ. ಡ್ರೆಸಿಂಗ್ ರೂಮಿನಲ್ಲಿ ಹುಡುಗರು ಕೆಂಡವಾಗಿದ್ದರು. ಆ ವರ್ಷ ಸ್ವಲ್ಪದರಲ್ಲಿ ಪ್ಲೇಆಫ್ ತಪ್ಪಿತು.

ಇವತ್ತು ನಮ್ಮ ತಂಡದ ಹಳೆಯ ಹೀರೋ ಇಚಿರೋ ಸುಜುಕಿ ಕೂಪರ್ಸ್‌ಟೌನ್‌ನಲ್ಲಿ ಹಾಲ್ ಆಫ್ ಫೇಮ್ ಸೇರಿದ. 394 ಮತಗಳಲ್ಲಿ 393. ಇಂಗ್ಲಿಷಿನಲ್ಲೇ ಭಾಷಣ ಮಾಡಿ ಎಲ್ಲರನ್ನೂ ನಗಿಸಿದ. ಭಾಷಣ ಮುಗಿದ ಮೇಲೆ ನಾನು 2012ರ ಹಳೆಯ ವಿಡಿಯೋ ಹಾಕಿಕೊಂಡೆ. ಅವನನ್ನು ಯಾಂಕೀಸ್‌ಗೆ ಕೊಟ್ಟದ್ದು ಜುಲೈ 23ಕ್ಕೆ. ತಂಡಕ್ಕೆ ವಯಸ್ಸಾದ ನಾನು ಬೇಡ ಅಂತ ಟ್ರೇಡ್ ಕೇಳಿದ್ದು ಅವನೇ. ಅವತ್ತು ಯಾಂಕೀಸ್ ಸಿಯಾಟಲ್‌ನಲ್ಲೇ ಆಡುತ್ತಿತ್ತು. 51ನೇ ನಂಬರಿನ ಮನುಷ್ಯ 31ನೇ ನಂಬರಿನ ಬೂದು ಜೆರ್ಸಿ ಹಾಕಿಕೊಂಡು ಬಂದ. ಇಡೀ ಮೈದಾನ ಎದ್ದು ನಿಂತಿತು. ಹೆಲ್ಮೆಟ್ ತೆಗೆದು ಒಂದು ಕಡೆಗೆ ಬಾಗಿದ, ತಿರುಗಿ ಇನ್ನೊಂದು ಕಡೆಗೂ ಬಾಗಿದ. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಸಿಂಗಲ್ ಹೊಡೆದ, ಪಿಚರ್ ಕಣ್ಣು ತಪ್ಪಿಸಿ ಓಡಿ ಸೆಕೆಂಡ್ ಬೇಸನ್ನೂ ಕದ್ದ. ನಮ್ಮ ಮೇಲೆಯೇ! ಜನ ಅದಕ್ಕೂ ಚಪ್ಪಾಳೆ ಹೊಡೆದರು.

ಅದಕ್ಕೇ ನಿನ್ನ "ನಾಚಿಕೆ ಆಗಲ್ವಾ" ಅನ್ನೋ ಪ್ರಶ್ನೆಗೆ ನನ್ನಲ್ಲಿ ಎರಡು ಉತ್ತರ ಇವೆ. ಯಾರನ್ನೋ ಕಳಿಸುವಾಗ ಆಗುತ್ತದೆ. ಸ್ವಾರೆಸ್ ಬರುತ್ತಾನೆ ಅಂದಾಗ ಒಂಚೂರೂ ಆಗುವುದಿಲ್ಲ.

ಗಡುವು ಮುಗಿಯುವಾಗ ನಿಮ್ಮಲ್ಲಿ ಶುಕ್ರವಾರ ಬೆಳಗಿನ ಜಾವ ಮೂರೂವರೆ. ಏಳಬೇಡ. ನೀನು ಎದ್ದು ಕಾಫಿ ಕುಡಿಯುವ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ. ಎಮರ್ಸನ್‌ನನ್ನು ಕೊಟ್ಟುಬಿಟ್ಟಿದ್ದರೆ ಮಾತ್ರ ಮಾಡುವುದಿಲ್ಲ, ಎರಡು ದಿನ ನನ್ನನ್ನು ನನ್ನ ಪಾಡಿಗೆ ಬಿಟ್ಟುಬಿಡು. ಅಮ್ಮನಿಗೆ ನಮಸ್ಕಾರ ಹೇಳು. ಶಿವಮೊಗ್ಗದಲ್ಲಿ ಮಳೆ ಜೋರಂತೆ, ತುಂಗೆ ತುಂಬಿದ ಫೋಟೋ ಕಳಿಸು.

ನಿನ್ನ ಗೆಳೆಯ