ದರಕು ಗುಡಿಸುವ ಮೊದಲೇ ಆ ದನಿ ಬರಲಿ: ಶಾಸಕರಿಗೊಂದು ಬಹಿರಂಗ ಪತ್ರ

ಶಿರಸಿ–ಸಿದ್ದಾಪುರ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಸಿದ್ದಾಪುರ ತಾಲ್ಲೂಕಿನ ಹಳ್ಳಿಯವಳು. ಸ್ವಲ್ಪ ಅಡಿಕೆ ತೋಟ, ಎರಡು ಆಕಳು, ಸೊಪ್ಪು ತರುವ ಕಾಡು, ಅಂದರೆ ಒಂದು ತುಂಡು ಸೊಪ್ಪಿನಬೆಟ್ಟ ಇದೆ. ದರಕು ಅಂದರೆ ಬೆಟ್ಟದಲ್ಲಿ ಉದುರಿದ ಒಣ ಎಲೆ, ಅದಿಲ್ಲದೆ ನಮ್ಮ ಕೊಟ್ಟಿಗೆ ನಡೆಯುವುದಿಲ್ಲ. ದರಕು ಗುಡಿಸಲು ಬೆಟ್ಟಕ್ಕೆ ಹೋಗುವ ತಿಂಗಳುಗಳೇ, ಉಣುಗು ಎಂಬ ಹುಳ ಕಚ್ಚಿ ಬರುವ ಮಂಗನ ಕಾಯಿಲೆಯ ತಿಂಗಳುಗಳೂ ಹೌದು.

ಹೋದ ವರ್ಷ ನನ್ನ ಓರಗಿತ್ತಿಗೆ ಜ್ವರ ಬಂತು. ತಲೆ ಸಿಡಿತ, ಮೈಯೆಲ್ಲ ಜಜ್ಜಿದಂಥ ನೋವು. ಮೂರು ದಿನ ಮನೆಯಲ್ಲೇ ಕಷಾಯ ಕುಡಿಯುತ್ತ ಮಲಗಿದಳು. ಫೋನಿನ ವಾಟ್ಸಾಪ್ ಗುಂಪಿಗೆ ಬಂದ ಒಂದು ವಿಡಿಯೊದಲ್ಲಿ ಯಾರೋ ಒಬ್ಬ, ‘ತಂಗಿ, ಹೆದರಬೇಡ, ಔಷಧಿ ನಿನ್ನ ಅಡುಗೆಮನೆಯಲ್ಲೇ ಇದೆ’ ಅಂದಿದ್ದ. ಅದೇ ವಾರ ಅದೇ ಗುಂಪಿಗೆ ಮಂಗನ ಕಾಯಿಲೆಯ ಕರಪತ್ರವೂ ಬಂದಿತ್ತು. ಅದರಲ್ಲಿದ್ದದ್ದೆಲ್ಲ ಸರಿಯೇ. ಆದರೆ ಅದು ತೆರೆಯಬೇಕಾದರೆ ಸಿಗ್ನಲ್ ಸಿಗುವ ಗುಡ್ಡದ ತಲೆಗೆ ಹತ್ತಬೇಕು. ತೆರೆದರೆ ಇರುವೆ ಗಾತ್ರದ ಅಕ್ಷರ, ‘ರೋಗವಾಹಕ’, ‘ಸಂಪರ್ಕಿಸತಕ್ಕದ್ದು’ ಎಂಬ ಮಾತು. ಉಣುಗು ಎಂಬ ಶಬ್ದ ಎಲ್ಲೂ ಇರಲಿಲ್ಲ.

ಅವಳು ಬದುಕಿದಳು, ಆದರೆ ತುಂಬ ನರಳಿದಳು. ಈ ಕಾಯಿಲೆಗೆಂದೇ ಬೇರೆ ಔಷಧಿ ಇಲ್ಲ. ಬೇಗ ಆಸ್ಪತ್ರೆ ಸೇರಿ ದ್ರವ, ರಕ್ತಪರೀಕ್ಷೆ, ನಿಗಾ ಇವುಗಳಿಂದಲೇ ಪಾರಾಗಬೇಕು. ಆ ಮೂರು ದಿನ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಳ್ಳಿಯವರಿಗೆ ತಿಳಿವಳಿಕೆ ಕಡಿಮೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದೇ ಓರಗಿತ್ತಿ ದಿನಾ ಫೋನಿನಲ್ಲಿ ಶಿರಸಿಯ ರಾಶಿ, ಚಾಲಿ ಅಡಿಕೆಯ ದರ ನೋಡುತ್ತಾಳೆ. ಯಾವ ಗುಂಪಿನ ದರ ಖರೆ, ಯಾವುದು ಸುಳ್ಳು ಎಂದು ಅವಳಿಗೆ ಚೆನ್ನಾಗಿ ಗೊತ್ತು. ದರ ಹಾಕುವವರ ಪರಿಚಯವಿದೆ, ವ್ಯಾಪಾರಕ್ಕೆ ಹೋದ ದಿನ ಅದು ತಾಳೆಯಾಗುತ್ತದೆ, ಓದಲು ಎರಡು ಸಾಲು ಸಾಕು. ಆರೋಗ್ಯದ ಸುದ್ದಿಗೆ ಇದರಲ್ಲಿ ಒಂದೂ ಇಲ್ಲ. ಕಳಿಸಿದವರು ಯಾರೋ, ಬರೆದದ್ದು ಯಾವತ್ತೋ, ಸಂಶಯ ಬಂದರೆ ಯಾರನ್ನು ಕೇಳುವುದು? ಹಾಗಿದ್ದಾಗ ‘ತಂಗಿ’ ಎಂದು ಕರೆದವನ ಕಡೆಗೇ ಮನಸ್ಸು ವಾಲುತ್ತದೆ.

ಆಮೇಲೆ ಒಂದು ಸಂಗತಿ ನಡೆಯಿತು. ನಮ್ಮೂರ ಆಶಾ ಕಾರ್ಯಕರ್ತೆ ತನ್ನ ದನಿಯಲ್ಲೇ ಒಂದು ನಿಮಿಷದ ಸಂದೇಶ ಕಳಿಸಿದಳು: ‘ಬೆಟ್ಟಕ್ಕೆ ಹೋಗೂದಾದ್ರೆ ಕೈಕಾಲಿಗೆ ಎಣ್ಣೆ ಹಚ್ಕಳಿ. ಎಣ್ಣೆ ನನ್ನತ್ರ ಇದ್ದು, ದುಡ್ಡು ಕೊಡೂದು ಬ್ಯಾಡ. ಬಂದ ಕೂಡ್ಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಮಂಗ ಸತ್ತಿದ್ದು ಕಂಡ್ರೆ ಹತ್ರ ಹೋಗ್ಬೇಡಿ, ನಂಗೆ ಹೇಳಿ.’ ಮರುದಿನ ಬೆಳಿಗ್ಗೆ ಅವಳ ಮನೆ ಜಗಲಿಯಲ್ಲಿ ಉಣುಗು ಹತ್ತದಂತೆ ಹಚ್ಚುವ ಆ ಎಣ್ಣೆ ಕೇಳುವವರು ತುಂಬಿದ್ದರು. ಹಿಂದೆ ಅದೇ ಎಣ್ಣೆ ಕೊಟ್ಟರೂ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟವರು ನಾವು.

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಪತ್ತೆಯಾದದ್ದು 1957ರಲ್ಲಿ. ಇಷ್ಟು ವರ್ಷವಾದರೂ ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಜ್ವರದವರ ಹತ್ತಿರ ಸುಳಿಯಲೂ ಹೆದರುತ್ತಾರೆ. ಇಳಿದ ಜ್ವರ ವಾರ ಬಿಟ್ಟು ಮರಳಬಹುದು, ಆಗ ಮಿದುಳಿಗೂ ಏರಬಹುದು ಎಂಬುದೂ ಗೊತ್ತಿಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುವುದಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದನ್ನೂ ನೇರವಾಗಿ ಹೇಳಿಸಿ. ಇಲ್ಲದ್ದನ್ನು ಇಲ್ಲ ಅಂದರೆ ಜನ ಸಿಟ್ಟಾಗುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಮುಂದೆ ಯಾವ ಲಸಿಕೆ ಬಂದರೂ ತೋಳು ಒಡ್ಡುವುದಿಲ್ಲ.

ತಾಲ್ಲೂಕಿನ ಇಲಾಖೆಗಳ ಕೆಲಸ ಪರಿಶೀಲಿಸುವ ಕೆಡಿಪಿ ಸಭೆ ನಿಮ್ಮ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಅಲ್ಲಿ ಈ ವಿಷಯ ಎತ್ತಿ. ಪ್ರತಿ ಊರಿನ ಆಶಾ ಕಾರ್ಯಕರ್ತೆಗೆ ವೈದ್ಯರು ವಿಷಯ ತಿದ್ದಿ ಕೊಡಲಿ, ಹೇಳುವ ಮಾತು ಅವಳದೇ ಇರಲಿ. ಸಂದೇಶದಲ್ಲಿ ತಾರೀಕು ಇರಲಿ, ತಿರುಗಿ ಕೇಳಲು ಒಂದು ನಂಬರ್ ಇರಲಿ, ಆ ನಂಬರಿಗೆ ಯಾರಾದರೂ ಉತ್ತರ ಕೊಡಲಿ. ಹಾಗೆಯೇ ಈ ಕೆಲಸಕ್ಕೆ ಅವಳಿಗೆ ಡೇಟಾ ಖರ್ಚು ಸಿಗಬೇಕು. ಈಗ ಅವಳು ಅದನ್ನು ಕೈಯಿಂದ ಹಾಕುತ್ತಿದ್ದಾಳೆ.

ಡಿಸೆಂಬರ್ ಹೊತ್ತಿಗೆ ನಾವು ಬೆಟ್ಟದಲ್ಲಿರುತ್ತೇವೆ. ಅಷ್ಟರೊಳಗೆ ಆಗಬೇಕು.

ಇಂತಿ,
ಸಿದ್ದಾಪುರ ತಾಲ್ಲೂಕಿನ ಒಬ್ಬ ಮತದಾರಳು